ಓದಿನ ರುಚಿ

ಶರಣರ ಅರ್ಪಿತ ತತ್ತ್ವವನ್ನು ಬಲ್ಲ ಸದ್ಭಕ್ತರಿಗೆ ರೂಪು, ರುಚಿ, ತೃಪ್ತಿ ಎಂಬ ಮೂರು ಮಾತುಗಳು ಹೊಸವಲ್ಲ. ಕೈಗೆ ಬಂದ ಪದಾರ್ಥದ ರೂಪನ್ನು ಇಷ್ಟಲಿಂಗಕ್ಕೂ, ಅದರ ರುಚಿಯನ್ನು ಪ್ರಾಣಲಿಂಗಕ್ಕೂ, ಅದರಿಂದುಂಟಾಗುವ ತೃಪ್ತಿಯನ್ನು ಭಾವಲಿಂಗಕ್ಕೂ ಸಮರ್ಪಿಸಿದಾಗ ಪದಾರ್ಥವು ಪ್ರಸಾದವಾಗುವುದೆಂದು ಷಟ್‌ಸ್ಥಲ ಶಾಸ್ತ್ರವು ಬೋಧಿಸುವುದು. ಹಣ್ಣೊಂದನ್ನು ಕರಸ್ಥಲದ ಮುಂದೆ ಹಿಡಿದು, ಬಳಿಕ ಅದನ್ನು ನಾಲಗೆಗೆ ತಾಗಿಸದೆ ಮೂಲೆಗೆ ಎತ್ತಿಟ್ಟರೆ ರೂಪೊಂದೇ ಸಂದಿತಲ್ಲದೆ ರುಚಿಯು ಸಲ್ಲಲಿಲ್ಲ. ರುಚಿಯು ಸಲ್ಲದ ಮೇಲೆ ತೃಪ್ತಿಯ ಮಾತೇ ಇಲ್ಲ. ಈ ಸೂಕ್ಷ್ಮವನ್ನು ಪ್ರಸಾದದ ಎಡೆಯಲ್ಲಿ ಎಚ್ಚರದಿಂದ ಪಾಲಿಸಿಕೊಂಡು ಬರುವ ಗೃಹಸ್ಥರು ತಮ್ಮ ಮಕ್ಕಳ ಓದಿನ ವಿಷಯದಲ್ಲಿ ಮಾತ್ರ ಇದನ್ನು ಮರೆತುಬಿಡುವರು.

ಮನೆಮನೆಗಳಲ್ಲಿ ಕಾಣಸಿಗುವ ನೋಟವೊಂದಿದೆ. ಒಂಬತ್ತನೆಯ ತರಗತಿಯ ಹುಡುಗನು ಸಂಜೆ ಸಮಾಜ ವಿಜ್ಞಾನದ ಪಠ್ಯವನ್ನು ಬಿಚ್ಚಿಕೊಂಡು ಕುಳಿತಿದ್ದಾನೆ. ಆ ಪಠ್ಯದ ಮಡಿಲಲ್ಲಿ ಚಿಕ್ಕದೊಂದು ಪುಸ್ತಕ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಎಂದಿಟ್ಟುಕೊಳ್ಳೋಣ. 1980ರಲ್ಲಿ ಹೊರಬಂದ ಆ ಕಾದಂಬರಿಯಲ್ಲಿ ಹಾರುವ ಓತಿಯನ್ನು ಅರಸುತ್ತ ಮಲೆನಾಡಿನ ಕಾಡನ್ನು ಹೊಕ್ಕ ಮಂದಿಯ ಬೆನ್ನು ಹತ್ತಿ ಹುಡುಗನೂ ಕಾಡನ್ನು ಹೊಕ್ಕಿದ್ದಾನೆ. ತಂದೆಯು ಹಿಂದೆ ಬಂದು ನಿಂತುದು ಅವನಿಗೆ ತಿಳಿಯದು. ತಂದೆಯು ಪುಸ್ತಕವನ್ನು ಕಸಿದುಕೊಂಡು, ಎಸ್.ಎಸ್.ಎಲ್.ಸಿ. ಮುಗಿಯುವ ತನಕ ಇದನ್ನು ಮುಟ್ಟಕೂಡದೆಂದು ಕಪಾಟಿನ ಮೇಲಕ್ಕೆ ಎತ್ತಿಡುತ್ತಾನೆ. ತಂದೆಯು ಕೆಟ್ಟವನಲ್ಲ, ಮಗನ ಹಿತವನ್ನು ಬಯಸಿಯೇ ಹಾಗೆ ಮಾಡಿದನು. ಆದರೆ ಎಸ್.ಎಸ್.ಎಲ್.ಸಿ. ಮುಗಿದ ಮೇಲೆ ಪಿ.ಯು.ಸಿ. ಬಂದಿತು, ಅದರ ಬೆನ್ನಿಗೆ ಪ್ರವೇಶ ಪರೀಕ್ಷೆ ಬಂದಿತು. ಎಲ್ಲ ಮುಗಿದು ಪುಸ್ತಕವನ್ನು ಕೆಳಗಿಳಿಸಿದ ದಿನ ಅದನ್ನು ಕೇಳುವ ಹುಡುಗನು ಮನೆಯಲ್ಲಿರಲಿಲ್ಲ. ಅವನು ಬೆಳೆದು ಯುವಕನಾಗಿದ್ದನು. ಪುಸ್ತಕವೆಂದರೆ ಪರೀಕ್ಷೆಯೆಂಬ ಒಂದೇ ಅರ್ಥವು ಅವನ ಮನಸ್ಸಿನಲ್ಲಿ ಬೇರುಬಿಟ್ಟಿದ್ದಿತು.

ಹದಿಮೂರರಿಂದ ಹದಿನಾರರವರೆಗಿನ ವಯಸ್ಸು ಇಂತಹುದು. ಅಕ್ಷರ ಕಲಿತ ಹೊಸತರಲ್ಲಿ ಅಂಗಡಿಯ ಫಲಕವನ್ನೂ ಬಿಡದೆ ಓದುತ್ತಿದ್ದ ಮಗುವು ಪ್ರೌಢಶಾಲೆಯನ್ನು ಮೆಟ್ಟಿದೊಡನೆ ಓದಿಗೆ ಬೆನ್ನು ತಿರುಗಿಸುವುದು ಅನೇಕ ದೇಶಗಳ ಶಿಕ್ಷಕರ ಅನುಭವವಾಗಿದೆ. 2009ರಲ್ಲಿ ಹಲವು ರಾಷ್ಟ್ರಗಳ 15 ವರ್ಷದ ವಿದ್ಯಾರ್ಥಿಗಳನ್ನು ಪರೀಕ್ಷಿಸಿದ ಪೀಸಾ ಎಂಬ ಅಂತರರಾಷ್ಟ್ರೀಯ ಅಧ್ಯಯನದಲ್ಲಿ, ಮುಂದುವರಿದ ದೇಶಗಳಲ್ಲಿಯೂ ನೂರಕ್ಕೆ 37 ಮಂದಿ ತಾವು ಸಂತೋಷಕ್ಕಾಗಿ ಓದುವುದೇ ಇಲ್ಲವೆಂದು ಹೇಳಿದರು. ಸಂತೋಷದಿಂದ ಓದುವವರೇ ಓದಿನ ಪರೀಕ್ಷೆಯಲ್ಲಿಯೂ ಮುಂದಿದ್ದರೆಂಬುದು ಅದೇ ಅಧ್ಯಯನದಲ್ಲಿ ಕಂಡುಬಂದಿತು. ಅಂಕಗಳ ಚಿಂತೆಯುಳ್ಳ ತಂದೆತಾಯಿಗಳಿಗೆ ಈ ಎರಡನೆಯ ಮಾತು ಸಮಾಧಾನವನ್ನು ತರಬಹುದು. ಆದರೆ ಅಂಕ ಬರುವುದೆಂದು ಕಥೆಯನ್ನು ಓದಿಸಹೊರಟರೆ ಅದೂ ಮತ್ತೊಂದು ವ್ಯಾಪಾರವೇ ಆಗುವುದು. ಶರಣರಿಗೆ ಭಕ್ತಿಯಲ್ಲಿ ವ್ಯಾಪಾರವು ಸಲ್ಲಲಿಲ್ಲ. ಓದಿನಲ್ಲಿಯೂ ಅದು ಬಹುದೂರ ನಡೆಯಲಾರದು.

ಪಾಠಶಾಲೆಯು ವಿದ್ಯಾರ್ಥಿಗೆ ಒಂದು ಪದ್ಯವನ್ನು ಕೊಡುವುದು. ಕವಿಯ ಕಾಲ, ಸ್ಥಳ, ಕೃತಿಗಳು ಯಾವುವು? ಈ ಪದವನ್ನು ಬಿಡಿಸಿ ಸಂಧಿಯನ್ನು ಹೆಸರಿಸಿರಿ. ಸಂದರ್ಭದೊಡನೆ ವಿವರಿಸಿರಿ. ಇವೆಲ್ಲ ಬೇಕಾದವುಗಳೇ; ಸಂಧಿ ಸಮಾಸಗಳನ್ನು ಅರಿಯದವನು ಹಳಗನ್ನಡದ ಹೊಸ್ತಿಲನ್ನು ದಾಟಲಾರನು. ಆದರೆ ಇವೆಲ್ಲವೂ ಪದ್ಯದ ರೂಪು. ವಿದ್ಯಾರ್ಥಿಯು ರೂಪನ್ನು ಉತ್ತರಪತ್ರಿಕೆಗೆ ಅರ್ಪಿಸಿ ಕೈತೊಳೆದುಕೊಳ್ಳುವನು. ಆ ಪದ್ಯವನ್ನು ಇನ್ನೊಮ್ಮೆ ಓದಬೇಕೆಂದು ಅವನಿಗೆ ಅನಿಸಿತೇ ಎಂದು ಕೇಳುವವರಾರು? ವಚನಗಳೂ ಪಠ್ಯದಲ್ಲಿವೆ. ಎರಡು ಅಂಕಗಳಿಗಾಗಿ ಅಂಕಿತನಾಮವನ್ನು ಬಾಯಿಪಾಠ ಮಾಡಿದ ಬಾಲಕನು ಆ ಅಂಕಿತದ ಹಿಂದಿನ ಹಂಬಲವನ್ನು ಒಂದು ಕ್ಷಣವೂ ಸವಿಯದೆ ಶಾಲೆಯಿಂದ ಹೊರಬೀಳುವುದು ಸಾಮಾನ್ಯವಾಗಿದೆ.

ಇಲ್ಲಿ ಕೆಲವರು ಒಂದು ಆಕ್ಷೇಪವನ್ನು ತರುವರು. ಶರಣರು ಓದನ್ನೇ ಹೀಗಳೆದಿಲ್ಲವೇ, ವೇದಶಾಸ್ತ್ರಗಳನ್ನು ಓದಿದವರನ್ನು ಗಿಳಿಗೆ ಹೋಲಿಸಿ ನಗೆಯಾಡಿಲ್ಲವೇ, ಅಂತಹವರ ಮಾರ್ಗದಲ್ಲಿ ನಡೆಯುವವರು ಮಕ್ಕಳಿಗೆ ಕಥೆ ಕಾದಂಬರಿಗಳನ್ನು ಓದಿರೆಂದು ಹೇಳುವುದು ಯುಕ್ತವೇ ಎಂಬುದು ಅವರ ವಾದ. ಶರಣರು ಹಾಗೆ ಟೀಕಿಸಿದುದು ನಿಜ. ಆದರೆ ಅವರು ಯಾವ ಓದನ್ನು ಟೀಕಿಸಿದರೆಂಬುದನ್ನು ವಿಚಾರಿಸಬೇಕು. ನಾಲಗೆಯ ಮೇಲೆ ಹರಿದು ಎದೆಗಿಳಿಯದ ಓದನ್ನು ಅವರು ಹಳಿದರು. ಅರ್ಥವನ್ನರಿಯದೆ ಒಪ್ಪಿಸುವ ಓದು, ಪರರ ಮುಂದೆ ಮೆರೆಯುವುದಕ್ಕಾಗಿ ಹೊತ್ತ ಓದು, ಅನುಭಾವದ ಗಂಧವಿಲ್ಲದ ಓದು ಅವರ ಕಟಕಿಗೆ ಗುರಿಯಾಯಿತು. ಆ ಮಾತುಗಳನ್ನು ಇಂದಿನ ಕಾಲಕ್ಕೆ ತಂದು ನೋಡಿದರೆ ಅವು ಕಥೆಪುಸ್ತಕದ ಮೇಲೆ ಬೀಳುವುದಿಲ್ಲ. ಪ್ರಶ್ನೋತ್ತರಗಳ ಗೈಡನ್ನು ಉರು ಹಚ್ಚುವ ಓದಿನ ಮೇಲೆಯೇ ನೇರವಾಗಿ ಬೀಳುವುವು. ಪಠ್ಯದ ಮಡಿಲಲ್ಲಿ ಕಾದಂಬರಿಯನ್ನಿಟ್ಟುಕೊಂಡು ಮೈಮರೆತಿದ್ದ ಆ ಹುಡುಗನ ಓದಿನಲ್ಲಿ ಶರಣರು ಮೆಚ್ಚಬಹುದಾದ ಅಂಶವು ಹೆಚ್ಚಾಗಿರುವುದೆಂದರೆ ತಂದೆಗೆ ಕಹಿಯಾದೀತು. ಆದರೂ ಹೇಳದೆ ಗತ್ಯಂತರವಿಲ್ಲ.

ಪುಸ್ತಕವನ್ನು ಪೂಜಿಸಿ ಓದದೆ ಬಿಡುವುದು ಈ ಸಮಾಜಕ್ಕೆ ಹಳೆಯ ವ್ಯಾಧಿ. ಶತಮಾನಗಳ ಕಾಲ ವಚನಗಳ ತಾಡೋಲೆಯ ಕಟ್ಟುಗಳು ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಅರಿವೆಯಲ್ಲಿ ಸುತ್ತಿ ಜಗುಲಿಯ ಮೇಲೆ ಕುಳಿತಿದ್ದವು. ಅವಕ್ಕೆ ವಿಭೂತಿ ಸಂದಿತು, ಪತ್ರೆ ಪುಷ್ಪಗಳು ಸಂದವು, ಧೂಪ ಸಂದಿತು. ಕಣ್ಣು ಮಾತ್ರ ಸಲ್ಲಲಿಲ್ಲ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ಇಂದು ವಿಜಯಪುರವೆಂದು ಕರೆಯಲ್ಪಡುವ ವಿಜಾಪುರದಲ್ಲಿ ವಕೀಲಿ ವೃತ್ತಿಯನ್ನು ಕೈಗೊಂಡಿದ್ದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಆ ಕಟ್ಟುಗಳನ್ನು ಬಿಚ್ಚಿಸಿದರು, ನಕಲು ಮಾಡಿದರು, 1923ರಲ್ಲಿ ‘ವಚನ ಶಾಸ್ತ್ರ ಸಾರ’ದ ಮೊದಲನೆಯ ಭಾಗವನ್ನು ಅಚ್ಚಿಗೆ ತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. 1964ರಲ್ಲಿ ಅವರು ಲಿಂಗೈಕ್ಯರಾಗುವವರೆಗೆ ಆ ದುಡಿಮೆಯು ನಿಲ್ಲಲಿಲ್ಲ. ಕೈಯಲ್ಲಿದ್ದ ಹಣವೆಲ್ಲ ಮುದ್ರಣಕ್ಕೆ ಹೋಗುತ್ತಿದ್ದರೂ ಆ ಮಹನೀಯರನ್ನು ನಡೆಸಿದ್ದು ಕೇವಲ ಕರ್ತವ್ಯಬುದ್ಧಿಯೆಂದು ತಿಳಿಯುವುದು ತಪ್ಪು. ಮೊದಲು ಅವರಿಗೆ ರುಚಿ ಹತ್ತಿತು. ರುಚಿ ಹತ್ತಿದವನಿಗೆ ಅದನ್ನು ಇತರರಿಗೆ ಬಡಿಸದೆ ಇರಲಾಗುವುದಿಲ್ಲ.

ಇಂದು ತಾಡೋಲೆಗಳ ಸ್ಥಾನದಲ್ಲಿ ಗಾಜಿನ ಕಪಾಟುಗಳು ಬಂದಿವೆ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರಕಾರವು 1993ರಲ್ಲಿ ಹೊರತಂದ 15 ಸಂಪುಟಗಳ ಸಮಗ್ರ ವಚನ ಸಾಹಿತ್ಯವು ಎಷ್ಟೋ ಮನೆಗಳಲ್ಲಿ ಅಲಂಕಾರವಾಗಿ ನಿಂತಿದೆ. ಗೃಹಪ್ರವೇಶಕ್ಕೆ ಬಂದ ಉಡುಗೊರೆ, ಮಗಳ ಲಗ್ನದಲ್ಲಿ ಬಂದ ಉಡುಗೊರೆ, ಮಠದಿಂದ ಬಂದ ಆಶೀರ್ವಾದದ ಗ್ರಂಥ, ಎಲ್ಲವೂ ಬೆನ್ನು ತೋರಿಸಿಕೊಂಡು ಸಾಲಾಗಿ ನಿಂತಿವೆ. ಕಪಾಟಿಗೆ ಬೀಗವಿದೆ; ಬೀಗದ ಕೈ ಎಲ್ಲಿದೆಯೆಂದು ಮನೆಯ ಯಜಮಾನನನ್ನು ಕೇಳಬಾರದು. ಈಗ ಪ್ರೌಢಶಾಲೆಯಲ್ಲಿರುವ ಮಕ್ಕಳು ಓದಿನ ರುಚಿಯನ್ನು ಕಾಣದೆ ಬೆಳೆದರೆ ಇನ್ನು ಮೂವತ್ತು ವರ್ಷಗಳ ಮೇಲೆ ಆ ಕಪಾಟನ್ನು ತೆರೆಯುವವರು ಯಾರೆಂಬುದೇ ಮಠಗಳನ್ನೂ ಭಕ್ತರನ್ನೂ ಬಾಧಿಸಬೇಕಾದ ಪ್ರಶ್ನೆ. ಹಳಕಟ್ಟಿಯವರು ಬಿಚ್ಚಿದ ಗಂಟನ್ನು ಮತ್ತೆ ಕಟ್ಟಿದಂತಾಗುವುದಿಲ್ಲವೇ?

ವಚನವನ್ನೇ ನೇರವಾಗಿ ಓದಿಸಬಾರದೇಕೆ, ಕಥೆ ಕಾದಂಬರಿಗಳ ಬಳಸುದಾರಿಯೇಕೆ ಎಂದು ಕೇಳುವವರಿಗೆ ಹೇಳತಕ್ಕುದಿಷ್ಟೆ. ಹಸುಳೆಗೆ ಮೊದಲು ಹಾಲು, ಬಳಿಕ ಗಂಜಿ, ಆಮೇಲೆ ರೊಟ್ಟಿ. 1949ರಿಂದ ಕನ್ನಡದಲ್ಲಿ ಬರತೊಡಗಿ ಈಗ ನಿಂತುಹೋಗಿರುವ ‘ಚಂದಮಾಮ’ದ ಬೇತಾಳನ ಹೆಗಲೇರಿಯೇ ಇಂದಿನ ಅಜ್ಜಂದಿರಲ್ಲಿ ಎಷ್ಟೋ ಮಂದಿ ಗಂಭೀರ ಗ್ರಂಥಗಳ ಬಳಿಗೆ ಬಂದರು. ಅದಕ್ಕೂ ಹಿಂದೆ ಗಳಗನಾಥರು ಇದ್ದರು. 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡ ಆ ಶಾಲಾಮಾಸ್ತರರು ತಾವು ಬರೆದ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಹಳ್ಳಿಹಳ್ಳಿಗೆ ಹೋಗಿ ಮಾರಿದರು. ಓದುಗರೇ ಇಲ್ಲವೆಂದು ಕೈಚೆಲ್ಲಿ ಕುಳಿತುಕೊಳ್ಳದೆ ಓದುಗರನ್ನು ಹುಟ್ಟಿಸಿದರು. ಗಂಟನ್ನು ಇಳಿಸಿ ಪುಸ್ತಕವನ್ನು ಕೊಟ್ಟ ಗಳಗನಾಥರು ಮರುವರ್ಷ ಬಂದು ಆರನೆಯ ಪ್ರಕರಣದ ಸಾರಾಂಶವನ್ನು ಹೇಳೆಂದು ಯಾರನ್ನೂ ಪೀಡಿಸಲಿಲ್ಲ.

ಇಲ್ಲಿಯೇ ದಾಸೋಹದ ಮಾತು ಬರುವುದು. ದಾಸೋಹದಲ್ಲಿ ಉಂಡವನನ್ನು ಲೆಕ್ಕ ಕೇಳುವ ಪದ್ಧತಿಯಿಲ್ಲ. ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವು ಸಿದ್ಧಗಂಗೆಯ ಹೆಸರಿನೊಡನೆ ನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ. 2002ರಲ್ಲಿ ಸರಕಾರವು ಶಾಲೆಗಳ ಮಧ್ಯಾಹ್ನದ ಊಟಕ್ಕೆ ‘ಅಕ್ಷರ ದಾಸೋಹ’ವೆಂದೇ ಹೆಸರಿಟ್ಟಿತು. ಮಕ್ಕಳಿಗೆ ಆ ಹೆಸರನ್ನು ಕೇಳಿದರೆ ಅನ್ನ ಸಾಂಬಾರುಗಳ ನೆನಪಾಗುವುದು. ಅಕ್ಷರವನ್ನು ಅದೇ ಉದಾರತೆಯಿಂದ ಬಡಿಸುವ ಪಂಕ್ತಿಯಿನ್ನೂ ಏಳಬೇಕಾಗಿದೆ. ಫ್ರಾನ್ಸ್ ದೇಶದಲ್ಲಿ ಡೇನಿಯಲ್ ಪೆನಾಕ್ ಎಂಬ ಶಿಕ್ಷಕರೂ ಕಾದಂಬರಿಕಾರರೂ ಆದವರು 1992ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಈ ಮಾತನ್ನೇ ತಮ್ಮ ಅನುಭವದಿಂದ ಪ್ರತಿಪಾದಿಸಿರುವರು. ಪುಸ್ತಕವೆಂದರೆ ಮುಖ ಸಿಂಡರಿಸುತ್ತಿದ್ದ ಹದಿಹರೆಯದ ವಿದ್ಯಾರ್ಥಿಗಳ ಮುಂದೆ ಶಿಕ್ಷಕನು ಕಾದಂಬರಿಯೊಂದನ್ನು ತೆರೆದು ಗಟ್ಟಿಯಾಗಿ ಓದುವನು; ಟಿಪ್ಪಣಿ ಬರೆಸುವುದಿಲ್ಲ, ಪ್ರಶ್ನೆ ಕೇಳುವುದಿಲ್ಲ, ಪ್ರತಿಯಾಗಿ ಏನನ್ನೂ ಬೇಡುವುದಿಲ್ಲ. ಕೆಲವು ದಿನಗಳಲ್ಲಿ ವಿದ್ಯಾರ್ಥಿಗಳು ಅವನ ಓದಿಗೆ ಕಾಯದೆ ತಾವೇ ಪುಸ್ತಕವನ್ನು ತಂದು ಮುಂದಿನ ಭಾಗವನ್ನು ಮುಗಿಸಿಬಿಡುವರು. ಓದುಗನ ಹಕ್ಕುಗಳೆಂದು ಅವರು ಹತ್ತನ್ನು ಪಟ್ಟಿ ಮಾಡಿರುವರು. ಪುಟಗಳನ್ನು ಹಾರಿಸುವ ಹಕ್ಕು, ಅರ್ಧಕ್ಕೆ ಬಿಡುವ ಹಕ್ಕು, ಓದದೆಯೇ ಇರುವ ಹಕ್ಕು ಸಹ ಅದರಲ್ಲಿವೆ. ಕೊನೆಯದನ್ನು ಕಂಡು ಹಿರಿಯರು ಹುಬ್ಬೇರಿಸಿದರೆ ಆಶ್ಚರ್ಯವಿಲ್ಲ. ಆದರೆ ಬೇಡವೆನ್ನುವ ಸ್ವಾತಂತ್ರ್ಯವಿಲ್ಲದ ಎಡೆಯಲ್ಲಿ ಬೇಕೆಂಬ ಮಾತಿಗೆ ಬೆಲೆಯೆಲ್ಲಿಯದು?

ಆ ಫ್ರೆಂಚ್ ಶಿಕ್ಷಕರು ಮಾಡಿದ್ದು ಕನ್ನಡ ನಾಡಿಗೆ ಹೊಸದೆಂದು ಭಾವಿಸಬೇಕಾಗಿಲ್ಲ. ಶ್ರಾವಣಮಾಸದಲ್ಲಿ ಮಠದ ಪ್ರಾಂಗಣದಲ್ಲಿ ಪುರಾಣವು ನಡೆಯುವುದು. ಒಬ್ಬರು ಪದ್ಯವನ್ನು ರಾಗವಾಗಿ ಓದುವರು, ಮತ್ತೊಬ್ಬರು ಅರ್ಥವನ್ನು ಹೇಳುವರು. 1369ರಲ್ಲಿ ಭೀಮಕವಿಯು ರಚಿಸಿದ ಬಸವಪುರಾಣವೂ, ಚಾಮರಸನ ಪ್ರಭುಲಿಂಗಲೀಲೆಯೂ ಅಕ್ಷರವನ್ನೇ ಅರಿಯದ ತಾಯಂದಿರ ನಾಲಗೆಯ ಮೇಲೆ ನಲಿದುದು ಈ ಬಗೆಯಿಂದ. ಹೊಲದ ಕೆಲಸವನ್ನು ಮುಗಿಸಿ ಬಂದು ಕಂಬಕ್ಕೆ ಒರಗಿದ ರೈತನನ್ನು ಯಾರೂ ಪರೀಕ್ಷಿಸಲಿಲ್ಲ. ನಿದ್ದೆ ಬಂದರೆ ಅವನು ನಿದ್ದೆ ಹೋದನು, ರಸವತ್ತಾದ ಭಾಗ ಬಂದಾಗ ಎಚ್ಚೆತ್ತನು. ಹದಿನಾಲ್ಕರ ಹುಡುಗನೂ ಅದೇ ಪ್ರಾಂಗಣದಲ್ಲಿ ಕುಳಿತು ಬೆಳೆಯಬಹುದಾಗಿತ್ತು. ಈಗ ಆ ಹೊತ್ತಿಗೆ ಅವನು ಟ್ಯೂಷನ್ನಿನಲ್ಲಿರುವನು.

ಸ್ಪರ್ಧೆಯನ್ನು ಏರ್ಪಡಿಸಿ ಮಕ್ಕಳನ್ನು ಓದಿನತ್ತ ಎಳೆಯಬಹುದೆಂದು ಕೆಲವರು ಸಂಕಲ್ಪಿಸುವರು. ವರ್ಷದಲ್ಲಿ ಅತಿ ಹೆಚ್ಚು ಪುಸ್ತಕಗಳನ್ನೋದಿದವನಿಗೆ ಬೆಳ್ಳಿಯ ಪದಕವೆಂದು ಸಾರುವರು. ಇವರ ಉದ್ದೇಶವು ಶುದ್ಧವಾದುದಾದರೂ ಫಲವು ಸಂದೇಹಾಸ್ಪದ. ಚಿತ್ರ ಬರೆಯುವುದರಲ್ಲಿ ಸಹಜವಾಗಿ ಆನಂದಪಡುತ್ತಿದ್ದ ಚಿಕ್ಕ ಮಕ್ಕಳಿಗೆ ಬಹುಮಾನದ ಆಸೆಯನ್ನು ತೋರಿಸಿ ಬರೆಸಿದರೆ, ಬಳಿಕ ಅವರು ತಾವಾಗಿ ಬರೆಯುವುದು ಕಡಿಮೆಯಾಯಿತೆಂದು 1973ರಲ್ಲಿ ಅಮೇರಿಕೆಯ ಮನಶ್ಶಾಸ್ತ್ರಜ್ಞರು ಪ್ರಯೋಗದಿಂದ ತೋರಿಸಿದರು. ಅವರಿಗಿಂತ ಎಂಟು ಶತಮಾನಗಳ ಮೊದಲೇ ಆಯ್ದಕ್ಕಿ ಲಕ್ಕಮ್ಮನು ಈ ಸೂಕ್ಷ್ಮವನ್ನು ಬಲ್ಲವಳಾಗಿದ್ದಳು. ಗಂಡನಾದ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆ ಶರಣೆಯು ಹಿಗ್ಗಲಿಲ್ಲ. ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಅವನನ್ನು ಕಳುಹಿಸಿದಳು. ರಾಶಿ ಬೆಳೆದಂತೆಲ್ಲ ಕಾಯಕದ ಹದವು ಕೆಡುವುದೆಂಬುದು ಅವಳಿಗೆ ಗೊತ್ತಿತ್ತು. ನೂರು ಪುಸ್ತಕಗಳ ಹೆಸರನ್ನು ಪಟ್ಟಿ ಮಾಡಿಕೊಂಡು ಬಂದ ಬಾಲಕನಿಗಿಂತ ಒಂದೇ ಪುಸ್ತಕವನ್ನು ಮೂರು ಸಲ ಓದಿ ಹರಿದುಹಾಕಿದ ಬಾಲಕನ ಮೇಲೆ ಹೆಚ್ಚು ಭರವಸೆಯಿಡಬಹುದು.

ಕಾಯಕದ ಮಾತು ಬಂದುದರಿಂದ ಇನ್ನೊಂದು ಸಂಶಯವನ್ನೂ ಪರಿಹರಿಸಬೇಕು. ವಿದ್ಯಾರ್ಥಿಯ ಕಾಯಕವು ವ್ಯಾಸಂಗ. ಸಂತೋಷದ ಓದು ಆ ಕಾಯಕದಿಂದ ಕದ್ದ ವೇಳೆಯಲ್ಲವೇ? ಸಂತೋಷವಿಲ್ಲದೆ ಪರರ ಭಯಕ್ಕೆ ಮಾಡುವ ದುಡಿಮೆಗೆ ಹಳ್ಳಿಯಲ್ಲಿ ಬಿಟ್ಟಿಯೆಂದು ಹೆಸರು. ಬಿಟ್ಟಿಯನ್ನು ಯಾವ ಶರಣನೂ ಕಾಯಕವೆಂದು ಕರೆಯಲಿಲ್ಲ. ನುಲಿಯ ಚಂದಯ್ಯನು ಹಗ್ಗವನ್ನು ಹೊಸೆದುದರಲ್ಲಿಯೂ, ಕದಿರೆ ರೆಮ್ಮವ್ವೆಯು ನೂಲನ್ನು ತೆಗೆದುದರಲ್ಲಿಯೂ ಮನಸ್ಸಿನ ಒಲವಿತ್ತು. ವಿದ್ಯಾರ್ಥಿಯ ವ್ಯಾಸಂಗಕ್ಕೆ ಆ ಒಲವು ಬರಬೇಕಾದರೆ ಅವನು ಎಲ್ಲಿಯಾದರೂ ಒಂದು ಕಡೆ ಓದನ್ನು ಪ್ರೀತಿಸಿರಬೇಕು.

ರೆಮ್ಮವ್ವೆಯ ಹೆಸರನ್ನೆತ್ತಿದ ಮೇಲೆ ಹೆಣ್ಣುಮಕ್ಕಳನ್ನು ಮರೆಯಲಾಗದು. ನೂಲುವವಳು, ಅಂಗಳವನ್ನು ಗುಡಿಸುವ ಸತ್ಯಕ್ಕ, ಅಕ್ಕಿಯನ್ನು ಆಯುವ ಮನೆಯ ಲಕ್ಕಮ್ಮ ವಚನಕಾರ್ತಿಯರಾದ ಧರ್ಮವಿದು. ಮೂವತ್ತಕ್ಕೂ ಮಿಕ್ಕಿದ ಶರಣೆಯರ ವಚನಗಳು ಉಳಿದುಬಂದಿವೆ. ಅಂತಹ ಧರ್ಮದ ಮನೆಗಳಲ್ಲಿ ಸಂಜೆ ಶಾಲೆಯಿಂದ ಬಂದ ಮಗನಿಗೆ ಚಹವು ಕೈಗೆ ಬರುವುದು, ಮಗಳ ಕೈಗೆ ಕಸಬರಿಗೆಯು ಬರುವುದು. ಪರೀಕ್ಷೆಯ ಓದಿಗಾದರೆ ಅವಳನ್ನೂ ಬಿಡುವರು. ಕಥೆಪುಸ್ತಕವನ್ನು ಹಿಡಿದು ಕುಳಿತರೆ ಮನೆಗೆಲಸ ತಪ್ಪಿಸುವ ನೆಪವೆನ್ನುವರು. ಪ್ರತಿನಿತ್ಯ ಅರ್ಧ ಗಂಟೆಯ ಕಾಲ ಆ ಮಗುವನ್ನು ಯಾರೂ ಕೂಗಬಾರದೆಂದು ಮನೆಯ ಹಿರಿಯ ಹೆಂಗಸು ಒಂದು ಕಟ್ಟಳೆಯನ್ನು ಮಾಡಿದರೆ ಸಾಕು. ಅದಕ್ಕೆ ಹಣವೇನೂ ಬೇಕಾಗಿಲ್ಲ.

ಪುಸ್ತಕಕ್ಕೂ ಬಹಳ ಹಣ ಬೇಕಾಗಿಲ್ಲ. ಗ್ರಾಮ ಪಂಚಾಯತಿಯ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ವೆಂದು ಹೆಸರಾಗಿದೆ. ಶರಣರ ಬಹು ಪ್ರಿಯವಾದ ಶಬ್ದವು ಊರ ನಡುವಿನ ಫಲಕದ ಮೇಲೆ ಬಂದು ನಿಂತಿದೆ. ‘ಓದುವ ಬೆಳಕು’ ಎಂಬ ಕಾರ್ಯಕ್ರಮದಡಿಯಲ್ಲಿ 2020ರಿಂದ ಶಾಲಾಮಕ್ಕಳನ್ನು ಅಲ್ಲಿ ಶುಲ್ಕವಿಲ್ಲದೆ ಸದಸ್ಯರನ್ನಾಗಿ ಮಾಡಿಕೊಳ್ಳಲಾಗಿದೆ. ಮಗನನ್ನೋ ಮಗಳನ್ನೋ ಅಲ್ಲಿಗೆ ಕರೆದೊಯ್ದ ತಂದೆಯು ಒಂದು ಸಂಯಮವನ್ನು ಪಾಲಿಸಬೇಕು: ಆರಿಸುವ ಕೆಲಸವನ್ನು ಮಗುವಿಗೆ ಬಿಡಬೇಕು. ಮಗುವು ಪತ್ತೇದಾರಿ ಕಥೆಯನ್ನು ಎತ್ತಿಕೊಂಡರೆ ಅದನ್ನು ಇಳಿಸಿ ಮಹಾತ್ಮರ ಚರಿತ್ರೆಯನ್ನು ಕೈಗಿಡುವ ಆತುರವು ಬೇಡ. ಪುಸ್ತಕಗಳಲ್ಲಿ ಜೊಳ್ಳು ಇಲ್ಲವೆಂದಲ್ಲ, ಧಾರಾಳವಾಗಿದೆ. ಕಾಳನ್ನೂ ಜೊಳ್ಳನ್ನೂ ಎರಡನ್ನೂ ಅಗಿದು ನೋಡಿದವನಿಗೇ ವ್ಯತ್ಯಾಸವು ತಿಳಿಯುವುದು.

ಗದುಗಿನ ತೋಂಟದಾರ್ಯ ಮಠದ ಲಿಂಗೈಕ್ಯ ಸಿದ್ಧಲಿಂಗ ಸ್ವಾಮಿಗಳವರನ್ನು ಜನರು ಪ್ರೀತಿಯಿಂದ ಪುಸ್ತಕದ ಸ್ವಾಮಿಗಳೆಂದು ಕರೆಯುತ್ತಿದ್ದರು. 2018ರಲ್ಲಿ ಲಿಂಗೈಕ್ಯರಾದ ಆ ಪೂಜ್ಯರು ವೀರಶೈವ ಅಧ್ಯಯನ ಸಂಸ್ಥೆಯ ಮೂಲಕ ನೂರಾರು ಗ್ರಂಥಗಳನ್ನು ಹೊರತಂದರು. ಮಠಗಳು ಪ್ರಕಟಿಸುವ ಕೆಲಸವನ್ನು ಚೆನ್ನಾಗಿಯೇ ಮಾಡಿಕೊಂಡು ಬಂದಿವೆ. ಇನ್ನು ಪ್ರಸಾದ ನಿಲಯಗಳ ಕಡೆಗೆ ಕಣ್ಣು ಹೊರಳಬೇಕು. ಅಲ್ಲಿ ನೂರಾರು ಬಾಲಕರು ಒಂದೇ ಸೂರಿನಡಿ ಬೆಳೆಯುತ್ತಿರುವರು. ಪುಸ್ತಕದ ಅಲಮಾರಿನ ಬೀಗದ ಕೈ ಮಾತ್ರ ವ್ಯವಸ್ಥಾಪಕರ ಉಡಿದಾರದಲ್ಲಿರುವುದು. ಹರಿದುಹೋದೀತು, ಕಳೆದುಹೋದೀತು ಎಂಬ ಭಯ. ಪಂಕ್ತಿಯಲ್ಲಿ ಅನ್ನವು ಚೆಲ್ಲೀತೆಂದು ದಾಸೋಹವನ್ನು ನಿಲ್ಲಿಸಿದ ಮಠವು ಎಲ್ಲಿಯೂ ಇಲ್ಲ. ಬೀಗದ ಕೈಯನ್ನು ಹತ್ತನೆಯ ತರಗತಿಯ ಇಬ್ಬರು ಬಾಲಕರ ವಶಕ್ಕೆ ಕೊಟ್ಟು, ವರ್ಷಕ್ಕೆ ಹತ್ತು ಪುಸ್ತಕಗಳು ಕಳೆದುಹೋಗಲಿ ಎಂದು ಮೊದಲೇ ಲೆಕ್ಕದಲ್ಲಿ ಬರೆದಿಟ್ಟುಕೊಳ್ಳುವುದು ಒಳಿತು.

ತಂದೆತಾಯಿಗಳ ನಡೆಯ ವಿಷಯವನ್ನು ವಿಸ್ತರಿಸಬೇಕಾಗಿಲ್ಲ. ಕೈಯಲ್ಲಿ ಮೊಬೈಲನ್ನು ಹಿಡಿದು ಅದರ ಮೇಲಿಂದ ಕಣ್ಣೆತ್ತದೆ, ಓದಿಕೋ ಎಂದು ಮಗನಿಗೆ ಗದರುವ ತಂದೆಯ ನುಡಿಯನ್ನು ಮಗನು ಕೇಳುವುದಿಲ್ಲ, ನಡೆಯನ್ನು ನೋಡುವನು.

ಬರುವ ಶ್ರಾವಣದಲ್ಲಿ ಒಂದು ಸಂಜೆ ಟ್ಯೂಷನ್ನನ್ನು ತಪ್ಪಿಸಿ ಮಕ್ಕಳನ್ನು ಪ್ರವಚನಕ್ಕೆ ಕರೆತಂದರೆ ನಷ್ಟವೇನೂ ಇಲ್ಲ. ಪ್ರಭುದೇವನು ಸೊನ್ನಲಿಗೆಗೆ ಬಂದಿರುವನು. ಕೆರೆಯ ಕೆಲಸವು ಭರದಿಂದ ಸಾಗಿದೆ. ಸಿದ್ಧರಾಮನ ಕೀರ್ತಿಯು ಊರ ತುಂಬಿದೆ. ಬಂದವನು ಆ ಮಹಾಯೋಗಿಯನ್ನು ಒಡ್ಡನೆಂದು ಕರೆಯುವನು. ಕೆಲಸಗಾರರು ಕೆರಳಿ ಕಲ್ಲುಗಳನ್ನೆತ್ತಿ ಅವನ ಮೇಲೆ ಬೀರುವರು. ಕಲ್ಲು ಗಾಳಿಯಲ್ಲಿರುವಾಗ ಶಾಸ್ತ್ರಿಗಳು ಪುಸ್ತಕವನ್ನು ಮುಚ್ಚಿ, ಉಳಿದುದು ನಾಳೆಗೆ ಎಂದು ಮಂಗಳವನ್ನು ಹಾಡುವರು. ಮನೆಯ ದಾರಿಯಲ್ಲಿ ಮಗನು ಧೋತರದ ಚುಂಗನ್ನು ಜಗ್ಗಿ, “ಮುಂದ ಏನಾತು ಯಪ್ಪಾ?” ಎಂದು ಕೇಳುವನು. ತಂದೆಗೆ ಅರ್ಧ ನೆನಪಿದೆ, ಅರ್ಧ ಮರೆತಿದೆ. ಮನೆಯನ್ನು ಮುಟ್ಟಿದೊಡನೆ ಅವನು ಅಂಗಿಯನ್ನೂ ಕಳಚದೆ, ಗಾಜಿನ ಕಪಾಟಿನ ಬೀಗದ ಕೈಯನ್ನು ಹುಡುಕತೊಡಗುವನು.